ನಲವತ್ತೊಂದು ಆನೆಗಳ ಸಾಲು

2017ರ ಜುಲೈ 11, ಮಂಗಳವಾರ. ನನ್ನ ದಿನಚರಿಯ ಆ ಪುಟದಲ್ಲಿ ಒಂದೇ ಸಾಲು ಇದೆ: "ಸಾವಂತ್ರೆವ್ವ ಎಣಿಕೆ ತಪ್ಪಿದಳು." ಆ ಸಾಲು ಸುಳ್ಳು. ಬರೆದವಳು ನಾನೇ. ಮಕ್ಕಳೇ, ಅದು ಹೇಗೆ ಸುಳ್ಳಾಯಿತು ಎಂದು ಹೇಳುತ್ತೇನೆ, ಕೇಳಿ. ಈ ಕಥೆಯಲ್ಲಿ ರಾಜನೂ ಇಲ್ಲ, ನರಿಯೂ ಇಲ್ಲ. ಒಂದು ಸೀರೆ ಇದೆ, ಒಂದು ಕಂಪ್ಯೂಟರ್ ಇದೆ, ಮೂವರು ಹೆಂಗಸರಿದ್ದೇವೆ.

ಧಾರವಾಡದಲ್ಲಿ ನಾವೊಂದು ಕಸೂತಿ ಕೇಂದ್ರ ನಡೆಸುತ್ತಿದ್ದೆವು. ಎರಡು ಕೋಣೆ, ನಾಲ್ಕು ಕಿಟಕಿ, ಕಿಟಕಿಗೊಂದು ಚಾಪೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಹೊಲಿಯುತ್ತಾರೆ. ಗಂಟು ಹಾಕುವಂತಿಲ್ಲ. ದಾರ ಹೋದ ದಾರಿಯಲ್ಲೇ ತಿರುಗಿ ಬರಬೇಕು. ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ಅದರ ಜೀವವೆಲ್ಲ ಎಣಿಕೆಯಲ್ಲಿದೆ.

ಸಾವಂತ್ರೆವ್ವನಿಗೆ ಆಗ ಅರವತ್ತೊಂದು ವರ್ಷ. ಇಪ್ಪತ್ತರಿಂದ ಸೂಜಿ ಹಿಡಿದವಳು. ಅವಳು ಮುಗಿಸಿ ಕೊಟ್ಟ ಬಟ್ಟೆಯನ್ನು ನಾನು ಯಾವತ್ತೂ ಎಣಿಸಿ ನೋಡಿದವಳಲ್ಲ. ಮಡಚಿ ಕೊಡುತ್ತಿದ್ದಳು, ಮಡಚಿದಂತೆಯೇ ಕಪಾಟಿಗೆ ಇಡುತ್ತಿದ್ದೆ. ಉಳಿದ ಹೆಂಗಸರು ತಪ್ಪಿದರೆ ಅವಳ ಹತ್ತಿರ ಹೋಗುತ್ತಿದ್ದರು. ಅವಳು ಬಟ್ಟೆ ಮಗುಚಿ, ಹಿಂಬದಿಯಲ್ಲಿ ಬೆರಳಿಟ್ಟು, ದಾರ ಎಲ್ಲಿಂದ ಬಂದಿದೆ ಎಂದು ಮೊದಲಿನಿಂದ ಹಿಂಬಾಲಿಸಿ, "ಇಲ್ಲೆ ನೋಡು, ಇಲ್ಲೆ ದಾರಿ ತಪ್ಪೀದಿ" ಎಂದು ತೋರಿಸುತ್ತಿದ್ದಳು.

ನಾನು ಕೇಂದ್ರದ ದಾಖಲೆ ನೋಡಿಕೊಳ್ಳುತ್ತಿದ್ದೆ. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ ಬಿ.ಎಸ್ಸಿ. ಮಾಡಿದ್ದೇನೆ. ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಬಿ.ಎಸ್ಸಿ. ಮಾಡಿದ ಹೆಂಗಸು ನಾನೊಬ್ಬಳೇ. ಇನ್ನೂರ ಹನ್ನೆರಡು ಮಾದರಿಗಳ ಹೆಸರು, ಅಗಲ, ಎತ್ತರ ನನ್ನ ಪುಸ್ತಕದಲ್ಲಿದ್ದವು. ಆ ಪುಸ್ತಕಕ್ಕೆ ನಾನೊಂದು ನಿಯಮ ಮಾಡಿದ್ದೆ. ಹೊಸ ಪುಟ ಸೇರಿಸಬಹುದು, ಹಳೆಯದನ್ನು ಹರಿಯಬಾರದು, ಹೊಡೆದು ಹಾಕಬಾರದು. ಈ ನಿಯಮ ಪುಸ್ತಕಕ್ಕೆ ಒಳ್ಳೆಯದೇ. ಅದನ್ನು ನಾನು ಕೇಂದ್ರದ ಕಂಪ್ಯೂಟರಿಗೂ ಹಾಕಿಬಿಟ್ಟೆ.

ಕಂಪ್ಯೂಟರ್ ಕೊಟ್ಟವನು ನನ್ನ ಮೈದುನ ಗುರುಪಾದ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಅದರಲ್ಲಿ ಪೈಥಾನ್ ಹಾಕಿ, ನಮ್ಮ ಮಾದರಿಗಳ ಪಟ್ಟಿಗೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಪೈಥಾನ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅವನು ಹಾಕಿದ್ದು ಅದರ ಹಳೆಯ ಆವೃತ್ತಿ, 2.7. ಮರುವರ್ಷ ಗುರುಪಾದ ತೀರಿಕೊಂಡ. ಅವನು ಇಟ್ಟದ್ದನ್ನು ಯಾರೂ ಮುಟ್ಟಬಾರದು ಎಂದು ನಾನು ಎಲ್ಲರಿಗೂ ಹೇಳಿಟ್ಟೆ.

ಆಮೇಲೆ ನನ್ನ ತಂಗಿಯ ಮಗಳು ದಾನೇಶ್ವರಿ ಬಂದಳು. ಪಾಲಿಟೆಕ್ನಿಕ್‌ನಲ್ಲಿ ಉಪನ್ಯಾಸಕಿ. ಮಾದರಿಯ ಅಗಲ, ಅದು ಎಷ್ಟು ಸಲ ಬರಬೇಕು, ಸೀರೆಯ ಅಗಲ, ಈ ಮೂರನ್ನು ಹೇಳಿದರೆ ಇಡೀ ಸಾಲಿನ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಮುದ್ರಿಸಿ ಕೊಡುವ ಪ್ರೋಗ್ರಾಂ ಬರೆದಳು. ಅದನ್ನು ಬರೆದದ್ದು ಹೊಸ ಪೈಥಾನಿಗಾಗಿ. ನನ್ನ ಮಾತಿಗೆ ಬೆಲೆ ಕೊಟ್ಟು ಹಳೆಯದನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಹಾಕಿಕೊಂಡಳು. ಎರಡು ವರ್ಷ ಅವಳೇ ಕೂತು ನಕ್ಷೆ ತೆಗೆದು ಕೊಟ್ಟಳು. ಒಂದು ಎಳೆಯೂ ತಪ್ಪಲಿಲ್ಲ.

2017ರ ಜೂನಿನಲ್ಲಿ ಒಂದು ಮನೆಯವರು ಸೊಸೆಯ ಕುಬಸಕ್ಕೆ ಕರಿ ಸೀರೆ ಹೇಳಿದರು. ಚೊಚ್ಚಲ ಬಸುರಿಗೆ ಹೊಸ ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ ಅದು. ಜುಲೈ 30ಕ್ಕೆ ಮುಹೂರ್ತ. ಸೆರಗಿನ ಮೇಲೆ ಅಂಚಿನಿಂದ ಅಂಚಿಗೆ ನಲವತ್ತೊಂದು ಆನೆಗಳ ಸಾಲು, ಅದರ ಮೇಲೆ ಅಲ್ಲಲ್ಲಿ ತುಳಸಿಕಟ್ಟೆ. ದಾನೇಶ್ವರಿಗೆ ಆಗ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವ ಗಡಿಬಿಡಿ. ಕಂಪ್ಯೂಟರ್ ಪರದೆಯ ಮೇಲೆ ಒಂದು ಚಿಕ್ಕ ಆನೆಯ ಚಿತ್ರ ಮಾಡಿಟ್ಟು ಹೇಳಿದಳು:

"ದೊಡ್ಡವ್ವ, ನೀ ಈ ಆನಿ ಮ್ಯಾಲ ಎರಡು ಸಲ ಒತ್ತು. ಅದು ಕೇಳಿದ ಸಂಖ್ಯೆ ಹಾಕು. ಹಾಳಿ ತಾವ ಬರ್ತಾವ."

"ನನಗ ಹೇಳಿಕೊಡ್ತಿಯೇನ? ನಾ ಲಾಗರಿದಮ್ ಟೇಬಲ್ ಬಾಯಿಪಾಠ ಮಾಡಿದಾಕಿ," ಅಂದೆ.

"ಗೊತ್ತೈತಿ ಮಾರಾಯ್ತಿ, ಅದಕ್ಕ ನಿನ್ನ ಕೈಯಾಗ ಕೊಡಾಕತ್ತೀನಿ," ಎಂದು ನಗುತ್ತ ಹೋದಳು.

ನಾನು ಒತ್ತಿದೆ. ಸಂಖ್ಯೆ ಹಾಕಿದೆ. ಒಂಬತ್ತು ಹಾಳೆ ಬಂದವು. ಅಂಟಿಸಿ ಸಾವಂತ್ರೆವ್ವನಿಗೆ ಕೊಟ್ಟೆ. ಜೂನ್ 20ಕ್ಕೆ ಅವಳು ಎಡ ಅಂಚಿನಿಂದ ಶುರು ಮಾಡಿದಳು. ದಿನಕ್ಕೆ ಎರಡು ಆನೆ, ಬೆಳಕು ಚೆನ್ನಾಗಿದ್ದ ದಿನ ಮೂರು. ಜುಲೈ 11ರ ಮಧ್ಯಾಹ್ನ ನಲವತ್ತೊಂದನೆಯ ಆನೆಯ ಬಾಲ ಮುಗಿಯಿತು. ಬಲ ಅಂಚಿಗೆ ಅದು ತಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆನೆಗೂ ಅಂಚಿಗೂ ನಡುವೆ ಅರ್ಧ ಇಂಚು ಖಾಲಿ ಬಟ್ಟೆ. ಎಣಿಸಿದರೆ ಇಪ್ಪತ್ತು ಎಳೆ.

ದಾನೇಶ್ವರಿಯನ್ನು ಕರೆಸಿದೆ. ಅವಳು ಕಂಪ್ಯೂಟರ್ ಮುಂದೆ ಕೂತು, ತನ್ನ ಪ್ರೋಗ್ರಾಂ ತೆರೆದು, ಅದೇ ಸಂಖ್ಯೆ ಹಾಕಿದಳು.

"ಸರಿ ಐತಲ್ಲ ದೊಡ್ಡವ್ವ. ಕಡೀ ಆನಿ ಅಂಚಿಗೆ ಬಂದು ಕೂತೈತಿ. ನೋಡು ಬೇಕಾರ."

ನಾನು ಪರದೆ ನೋಡಿದೆ. ಸರಿಯಾಗಿತ್ತು. ಸಾವಂತ್ರೆವ್ವನ ಚಾಪೆಯ ಮೇಲಿದ್ದ ಹಾಳೆಯನ್ನು ನಾನು ನೋಡಲಿಲ್ಲ, ದಾನೇಶ್ವರಿಯೂ ನೋಡಲಿಲ್ಲ. ಪರದೆಯಲ್ಲಿ ಕಂಡದ್ದೇ ಹಾಳೆಯಲ್ಲೂ ಇದೆ ಎಂದುಕೊಂಡೆವು. ಕಂಪ್ಯೂಟರ್ ಸರಿ ಎಂದಾದ ಮೇಲೆ ತಪ್ಪು ಇನ್ನೆಲ್ಲಿ ಇರಬೇಕು? ನಾನು ಉಳಿದ ಹೆಂಗಸರ ಎದುರಿಗೇ ಹೇಳಿದೆ:

"ಸಾವಂತ್ರೆವ್ವ, ಎಣಿಕಿ ತಪ್ಪೀದಿ. ಕಣ್ಣು ತೋರಿಸ್ಕೊಂಡು ಎಷ್ಟು ದಿನ ಆತು?"

ಅವಳು ಬಟ್ಟೆ ಮಗುಚಿ ನೋಡಿದಳು. ಮತ್ತೆ ಮುಂಬದಿ ನೋಡಿದಳು.

"ಇರಬೌದ್ರಿ ಅಕ್ಕಾರ," ಅಂದಳು. "ಬಿಚ್ಚಿ ಮತ್ತ ಹೊಲದು ಕೊಡ್ತೀನಿ. ಇದ ಕಡೀ ಸೀರಿ ಅಂತ ತಿಳಕೋರಿ. ಎಣಿಕಿ ತಪ್ಪಿದ ಕೈ ಕಸೂತಿಗಿ ಬರಂಗಿಲ್ರಿ."

ನಾನು ಬೇಡ ಎನ್ನಲಿಲ್ಲ. ದಿನಚರಿ ತೆಗೆದು ಆ ಒಂದು ಸಾಲು ಬರೆದೆ.

ಕಸೂತಿ ಬಿಚ್ಚಲು ಕತ್ತರಿ ಹಾಕುವಂತಿಲ್ಲ. ಕತ್ತರಿ ತಾಗಿದರೆ ನೇಯ್ಗೆಯ ಎಳೆಯೇ ಹರಿಯುತ್ತದೆ. ಸೂಜಿಯ ಹಿಂತುದಿಯಿಂದ ಒಂದೊಂದೇ ಹೊಲಿಗೆ ಎತ್ತಬೇಕು. ಕಡೆಯ ಆನೆಯ ಬಾಲದಿಂದ ಮೊದಲ ಆನೆಯ ಸೊಂಡಿಲಿನವರೆಗೆ ಅವಳು ಬಿಚ್ಚಿದಳು. ಐದು ದಿನ ಹಿಡಿಯಿತು. ಸಾಮಾನ್ಯವಾಗಿ ಕೆಲಸ ಮಾಡುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳುವವಳು, ಆ ಐದು ದಿನ ನೀರು ಬೇಕಾದರೂ ಎದ್ದು ತಾನೇ ತಂದುಕೊಂಡಳು.

ನಡುವೆ ಶನಿವಾರ ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ನನಗೆ ಹೇಳಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಹೋದ ವರ್ಷದ ಕನ್ನಡಕದ ನಂಬರೇ ಇದೆ, ಏನೂ ಬದಲಾಗಿಲ್ಲ ಎಂದು ಚೀಟಿ ಬರೆದು ಕೊಟ್ಟರು.

ಜುಲೈ 18ರ ಬೆಳಿಗ್ಗೆ ಅವಳು ಸೂಜಿ ಹಿಡಿಯಲಿಲ್ಲ. ಆ ಚೀಟಿಯನ್ನೂ ಒಂಬತ್ತು ಹಾಳೆಗಳನ್ನೂ ತಂದು ನನ್ನ ಮೇಜಿನ ಮೇಲೆ ಹಾಸಿದಳು.

"ಅಕ್ಕಾರ, ಕಣ್ಣು ಸರಿ ಅದಾವಂತ. ಬಟ್ಟಿ ಹಿಂದ ಮುಂದ ನೋಡೀನಿ, ದಾರ ಎಲ್ಲೂ ದಾರಿ ಬಿಟ್ಟಿಲ್ಲ. ಅದಕ್ಕ ಹಾಳಿ ಎಣಿಸಿನ್ರಿ. ಆನಿ ಆನಿ ನಡುವ ಏಳ ಮನಿ ಅದಾವು. ಎಲ್ಲಾ ಕಡೆ ಏಳ. ನಾನೂ ಏಳ ಎಳಿ ಬಿಟ್ಟೀನಿ. ಈಗ ನೀವ ಹೇಳ್ರಿ, ಎಷ್ಟ ಬಿಡಬೇಕಿತ್ತು?"

ಒಂದು ಮನೆ ಎಂದರೆ ಗ್ರಾಫಿನ ಒಂದು ಚೌಕ, ಬಟ್ಟೆಯ ಒಂದು ಎಳೆ. ನಾನು ಪೆನ್ಸಿಲ್ ತೆಗೆದುಕೊಂಡೆ. ಸಾಲಿನ ಅಗಲ 1776 ಎಳೆ. ಒಂದು ಆನೆಗೆ 36, ನಲವತ್ತೊಂದು ಆನೆಗೆ 1476. ಉಳಿದದ್ದು 300. ಆನೆಗಳ ನಡುವಿನ ಸಂದು ನಲವತ್ತು. ಮುನ್ನೂರನ್ನು ನಲವತ್ತಕ್ಕೆ ಹಂಚಿದರೆ ಏಳೂವರೆ. ಅರ್ಧ ಎಳೆ ಬಟ್ಟೆಯಲ್ಲಿ ಇಲ್ಲ, ಆದ್ದರಿಂದ ಒಂದು ಸಂದಿಗೆ ಏಳು, ಮುಂದಿನದಕ್ಕೆ ಎಂಟು ಬಿಡಬೇಕು. ಎಲ್ಲದಕ್ಕೂ ಏಳೇ ಬಿಟ್ಟರೆ ಕೊನೆಗೆ ಇಪ್ಪತ್ತು ಎಳೆ ಉಳಿಯುತ್ತದೆ. ಮಕ್ಕಳೇ, ಇದು ನಾಲ್ಕನೆಯ ತರಗತಿಯ ಭಾಗಾಕಾರ. ಜೂನಿನಲ್ಲೇ ಮಾಡಬಹುದಿತ್ತು. ಕಂಪ್ಯೂಟರ್ ಮಾಡಿದೆ ಎಂದು ನಾನು ಮಾಡಿರಲಿಲ್ಲ.

ದಾನೇಶ್ವರಿ ಮತ್ತೆ ಬಂದಳು. ಅವಳು ಮಾಡಿದರೆ ಏಳು, ಎಂಟು, ಏಳು, ಎಂಟು. ನಾನು ಆನೆಯ ಚಿತ್ರ ಒತ್ತಿ ಮಾಡಿದರೆ ಏಳು, ಏಳು, ಏಳು. ಅದೇ ಕಂಪ್ಯೂಟರ್, ಅದೇ ಪ್ರೋಗ್ರಾಂ, ಅವೇ ಸಂಖ್ಯೆ.

"ದೊಡ್ಡವ್ವ, ನೀ ಏನೋ ತಪ್ಪು ಒತ್ತಾಕತ್ತಿ."

"ನಾನು? ಮೂರು ಸಂಖ್ಯೆ ಒತ್ತಾಕ ನನಗ ಬರಂಗಿಲ್ಲೇನ? ನಿನ್ನ ಪ್ರೋಗ್ರಾಮ್ನಾಗ ದೋಷ ಐತಿ. ಒಪ್ಪಿಕೋ."

"ನನ್ನ ಪ್ರೋಗ್ರಾಂ ನನಗ ಸರಿ ಬರ್ತೈತಿ, ನಿನಗ ತಪ್ಪು ಬರ್ತೈತಿ. ಅಂದಮ್ಯಾಲ ದೋಷ ಎಲ್ಲಿ ಐತಿ, ನೀನ ಹೇಳು, ಬಿ.ಎಸ್ಸಿ. ಮಾಡಿದಾಕಿ!"

ಹೀಗೆ ಒಂದು ತಾಸು ಜಗಳವಾಡಿದೆವು. ಸಾವಂತ್ರೆವ್ವ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಅವಳ ಮೇಲೆ ತಪ್ಪು ಹೊರಿಸುವಾಗ ನಮಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಕಡೆಗೆ ದಾನೇಶ್ವರಿ, "ಪೈಥಾನ್ ಹಳೇದಾಗೈತಿ, ಹೊಚ್ಚ ಹೊಸಾದು ಹಾಕಿಬಿಡ್ತೀನಿ," ಅಂದಳು. ಹಾಕಿದಳು. ಈಗ ಆ ಕಂಪ್ಯೂಟರಿನಲ್ಲಿ ಮೂರು ಪೈಥಾನ್ ಆದವು. ಆನೆಯನ್ನು ಒತ್ತಿದೆ. ಏಳು, ಏಳು, ಏಳು.

ಮರುದಿನ ಬೆಳಿಗ್ಗೆಯೂ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಕೂತೆವು. ಸಾವಂತ್ರೆವ್ವ ಎದ್ದು ಬಂದು ದಾನೇಶ್ವರಿಯ ಹಿಂದೆ ನಿಂತಳು.

"ತಂಗಿ, ಒಂದು ಮಾತು ಕೇಳ್ತೀನಿ. ಈ ಆನಿ ಒತ್ತಿದ ಕೂಡಲೆ ಅದು ಯಾರನ್ನ ಕರೀತೈತಿ?"

"ಪೈಥಾನ್ ಅಂತ ಕರೀತೈತ್ರಿ."

"ಆ ಹೆಸರಿನವ್ರು ಎಷ್ಟ ಮಂದಿ ಅದಾರ ಒಳಗ?"

"ಮೂರು."

ಸಾವಂತ್ರೆವ್ವ ನಕ್ಕಳು. ಎಂಟು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ನಮ್ಮ ಮನ್ಯಾಗೂ ಮೂರು ಶಂಕ್ರವ್ವ ಅದಾರವ್ವ. ನಮ್ಮತ್ತಿ ಹೆಸರು. ಗಂಡಮಕ್ಕಳು ಮೂವರೂ ತಮ್ಮ ತಮ್ಮ ಮಗಳಿಗೆ ಅದ ಹೆಸರು ಇಟ್ಟಾರ. ಶಂಕ್ರವ್ವಾ ಅಂತ ಕೂಗಿದ್ರ, ಯಾರು ಬಾಗಲ ಹತ್ರ ಇರ್ತಾಳೋ ಆಕಿ ಓ ಅಂತಾಳ. ಉಳದವ್ರು ಸುಮ್ಮನ ಇರ್ತಾರ. ನಾ ಅಟ್ಟದ ಮ್ಯಾಲಿನ ಶಂಕ್ರವ್ವನ್ನ ಕರದು ಉಪ್ಪು ತಾ ಅಂದ್ರ, ಬಾಗಲದಾಗಿನ ಶಂಕ್ರವ್ವ ಬೆಲ್ಲ ತಂದು ಕೊಡ್ತಾಳ. ಮತ್ತೊಬ್ಬ ಶಂಕ್ರವ್ವನ್ನ ಹಡದ್ರ ಅದು ಸರಿ ಹೋಗತೈತೇನು?"

ದಾನೇಶ್ವರಿ ಪರದೆಯ ಕಡೆಗೆ ತಿರುಗಿದಳು. ಆಮೇಲೆ ಕಂಪ್ಯೂಟರಿಗೆ ಒಂದೇ ಒಂದು ಪ್ರಶ್ನೆ ಹಾಕಿದಳು: ಪೈಥಾನ್ ಎಂದು ಕರೆದರೆ ನೀನು ಯಾವ ಯಾವ ಜಾಗದಲ್ಲಿ, ಯಾವ ಕ್ರಮದಲ್ಲಿ ಹುಡುಕಿಕೊಂಡು ಹೋಗುತ್ತೀ? ಈ ಕ್ರಮಕ್ಕೆ ಕಂಪ್ಯೂಟರ್ ಬಲ್ಲವರು ಪಾಥ್ ಎನ್ನುತ್ತಾರೆ. ದಾರಿ ಎಂದರೆ ತಪ್ಪಿಲ್ಲ.

ಪರದೆಯಲ್ಲಿ ಎರಡು ಸಾಲು ಬಂದವು. ಮೊದಲನೆಯದು ಗುರುಪಾದ ಹಾಕಿದ 2.7. ಎರಡನೆಯದು ನಿನ್ನೆ ಹಾಕಿದ್ದು. ದಾನೇಶ್ವರಿ ಎರಡು ವರ್ಷದಿಂದ ಬಳಸುತ್ತಿದ್ದ ಪೈಥಾನ್ ಆ ದಾರಿಯಲ್ಲೇ ಇರಲಿಲ್ಲ. ಅವಳು ಅದನ್ನು ಬೇರೆ ಬಾಗಿಲಿನಿಂದ, ನೇರವಾಗಿ ತೆರೆಯುತ್ತಿದ್ದಳು. ನಾನು ಆನೆಯನ್ನು ಒತ್ತಿದಾಗ ಮಾತ್ರ ಬರೀ ಹೆಸರಿನ ಕರೆ ಹೋಗುತ್ತಿತ್ತು. ಬಾಗಿಲ ಹತ್ತಿರ ಇದ್ದ ಹಳೆಯದು ಓ ಎನ್ನುತ್ತಿತ್ತು.

ಹಳೆಯ ಪೈಥಾನಿಗೆ ಮುನ್ನೂರನ್ನು ನಲವತ್ತರಿಂದ ಭಾಗಿಸು ಎಂದರೆ ಏಳು ಎನ್ನುತ್ತದೆ. ಉಳಿದದ್ದನ್ನು ಬಿಟ್ಟುಬಿಡುತ್ತದೆ. ಹೊಸದು ಏಳೂವರೆ ಎನ್ನುತ್ತದೆ. ಎರಡೂ ತಮ್ಮ ತಮ್ಮ ನಿಯಮದಂತೆ ಸರಿಯಾಗಿಯೇ ಕೆಲಸ ಮಾಡಿದ್ದವು. ಕೆಲಸ ನಿಂತುಹೋಗಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಿಲ್ಲಲಿಲ್ಲ, ಹಾಳೆ ಅಚ್ಚುಕಟ್ಟಾಗಿ ಬಂತು. ಅದಕ್ಕೇ ನಾವು ನಂಬಿದೆವು. ಹಿಂದೆ ನಕ್ಷೆಗಳು ತಪ್ಪಿರಲಿಲ್ಲ, ಏಕೆಂದರೆ ಹಿಂದೆ ಯಾವತ್ತೂ ಆ ಆನೆಯ ಚಿತ್ರವೇ ಇರಲಿಲ್ಲ.

"ಹಳೇದನ್ನ ತಗದ ಬಿಡಲೇನ ದೊಡ್ಡವ್ವ?" ದಾನೇಶ್ವರಿ ಮೆಲ್ಲಗೆ ಕೇಳಿದಳು.

ಗುರುಪಾದನ ನೆನಪು ಎಂದು ನಾನೇ ನಿಯಮ ಮಾಡಿದ್ದೆ. ಈಗ ಕೋಪದಲ್ಲಿ "ತೆಗಿ" ಎನ್ನಲು ಬಾಯಿ ತೆರೆದೆ. ಸಾವಂತ್ರೆವ್ವ ತಡೆದಳು.

"ಅದರಿಂದ ಬ್ಯಾರೆ ಏನರ ನಡೀತೈತೇನು, ಅದನ್ನ ಮೊದಲ ನೋಡ್ರಿ. ಒಂದು ಎಳಿ ಎಳಿಯೂಮುಂದ ಮತ್ತೊಂದು ಬಿಚ್ಚಬಾರದ್ರಿ."

ನೋಡಿದೆವು. ನಮ್ಮ ಇನ್ನೂರ ಹನ್ನೆರಡು ಮಾದರಿಗಳ ಪಟ್ಟಿ ಹಳೆಯ ಪೈಥಾನಿನಲ್ಲಿ ಮಾತ್ರ ತೆರೆಯುತ್ತಿತ್ತು. ತೆಗೆದಿದ್ದರೆ ಅದೂ ಹೋಗುತ್ತಿತ್ತು.

ಹಳೆಯದನ್ನು ಉಳಿಸಿದೆವು, ಪಟ್ಟಿಯ ಕೆಲಸಕ್ಕೆ ಮಾತ್ರ. ಹಿಂದಿನ ದಿನ ಗಡಿಬಿಡಿಯಲ್ಲಿ ಹಾಕಿದ್ದು ಯಾರಿಗೂ ಬೇಕಿರಲಿಲ್ಲ, ಅದನ್ನು ತೆಗೆದೆವು. ಆನೆಯ ಚಿತ್ರಕ್ಕೆ ಬರೀ ಹೆಸರು ಕೂಗಬೇಡ, ಇಂಥ ಜಾಗದಲ್ಲಿರುವ ಇಂಥ ಆವೃತ್ತಿಯನ್ನೇ ಕರೆ ಎಂದು ಪೂರ್ತಿ ವಿಳಾಸ ಬರೆದಳು ದಾನೇಶ್ವರಿ. ಪ್ರತಿ ಹಾಳೆಯ ಕೆಳಗೆ, ಇದನ್ನು ಮಾಡಿದ ಪೈಥಾನ್ ಯಾವುದು ಎಂದು ಮುದ್ರಣವಾಗುವಂತೆಯೂ ಮಾಡಿದಳು. ಯಾವುದು ಎಲ್ಲಿದೆ, ಯಾವ ಕೆಲಸಕ್ಕೆ ಇದೆ ಎಂದು ನಾನು ಒಂದು ಪುಟ ಬರೆದು ಕಂಪ್ಯೂಟರ್ ಮೇಲೆ ಅಂಟಿಸಿದೆ. ಎಲ್ಲಕ್ಕೂ ಸೇರಿ ನಲವತ್ತು ನಿಮಿಷ ಹಿಡಿಯಿತು. ಜುಲೈ 11ಕ್ಕೇ ಈ ನಲವತ್ತು ನಿಮಿಷ ನಮ್ಮ ಹತ್ತಿರ ಇತ್ತು.

ಆಮೇಲೆ ಉಳಿದ ಹೆಂಗಸರನ್ನು ಕರೆದೆ. ಅವರ ಎದುರಿಗೇ ಹೇಳಿದೆ, "ಸಾವಂತ್ರೆವ್ವ, ನಿನ್ನ ಎಣಿಕಿ ತಪ್ಪಿರಲಿಲ್ಲ. ನಾ ತಪ್ಪಿದೆ. ಇದು ನಿನ್ನ ಕಡೀ ಸೀರಿ ಆಗಬಾರದು."

ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಆತು ಬಿಡ್ರಿ ಅಕ್ಕಾರ. ಹೊಸಾ ಹಾಳಿ ಕೊಡ್ರಿ, ಇವತ್ತ ಎಣಿಸಿ ನೋಡ್ತೀನಿ," ಅಂದಳು. ಮರುದಿನ ಬೆಳಿಗ್ಗೆ ಮೊದಲ ಆನೆಯ ಸೊಂಡಿಲು ಹಿಡಿದಳು. ಮುಂದೆಯೂ ಸೂಜಿ ಬಿಡಲಿಲ್ಲ.

ದಿನಚರಿಯ ಆ ಸಾಲನ್ನು ನಾನು ಹೊಡೆದು ಹಾಕಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: "ಇದು ಸುಳ್ಳು. ಜುಲೈ 19ರ ಪುಟ ನೋಡಿ."

ನೀತಿ: ಕೆಲಸ ಕೆಟ್ಟಾಗ ಹೊಸದೊಂದನ್ನು ತಂದು ಸೇರಿಸುವ ಮೊದಲು, ಇದ್ದುದನ್ನು ಕಿತ್ತು ಎಸೆಯುವ ಮೊದಲು, ನಮ್ಮ ಕರೆಗೆ ಈಗ ಉತ್ತರ ಕೊಡುತ್ತಿರುವುದು ಯಾವುದು, ಎಲ್ಲಿಂದ ಎಂದು ಕೇಳಿ ನೋಡಬೇಕು. ಯಂತ್ರ ಹೋದ ದಾರಿಯನ್ನು ಮೊದಲಿನಿಂದ ಹಿಂಬಾಲಿಸದೆ ಮನುಷ್ಯರ ಕೈಯನ್ನು ಶಂಕಿಸಬಾರದು.

ಇದಕ್ಕೆ ತಗುಲಿದ್ದು ಇಷ್ಟು. ಹೊಲಿದದ್ದು ಹತ್ತೊಂಬತ್ತು ದಿನ, ಬಿಚ್ಚಿದ್ದು ಐದು ದಿನ, ಮತ್ತೆ ಹೊಲಿದದ್ದು ಹತ್ತೊಂಬತ್ತು ದಿನ. ಕುಬಸಕ್ಕೆ ಸೀರೆ ಸಿಗಲಿಲ್ಲ. ಆ ಹುಡುಗಿ ತಾಯಿಯ ಹಳೆಯ ಸೀರೆ ಉಟ್ಟು ಉಡಿ ತುಂಬಿಸಿಕೊಂಡಳು. ನಮ್ಮದನ್ನು ಉಟ್ಟದ್ದು ಅಕ್ಟೋಬರಿನಲ್ಲಿ, ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ಬೆಳಕಿಗೆ ಹಿಡಿದರೆ ಮೊದಲ ಹೊಲಿಗೆಯ ಸೂಜಿಗುರುತು ಕೆಲವು ಕಡೆ ಈಗಲೂ ಕಾಣುತ್ತದಂತೆ. ಸಾವಂತ್ರೆವ್ವ ಮಾತ್ರ ಅಂದಿನಿಂದ ನನಗೆ ಬಟ್ಟೆ ಮಡಚಿ ಕೊಟ್ಟಿಲ್ಲ. ಪ್ರತಿ ಸಲವೂ ನನ್ನ ಮೇಜಿನ ಮೇಲೆ ಹಾಸಿ, ಒಂದೊಂದು ಸಂದನ್ನೂ ನನ್ನ ಎದುರಿಗೆ ಎಣಿಸಿಯೇ ಕೊಡುತ್ತಾಳೆ. ಬೇಡ ಎಂದು ಎಷ್ಟೋ ಸಲ ಹೇಳಿದ್ದೇನೆ. "ಇರಲಿ ಬಿಡ್ರಿ ಅಕ್ಕಾರ," ಎನ್ನುತ್ತಾಳೆ, ಎಣಿಸುತ್ತಾಳೆ.